ಗುಂಡಿ ಒತ್ತೋದು ಒಂದೇ ಸಲ: ಲ್ಯಾಪ್‌ಟಾಪ್ ಒಳಗೆ ನಡೆದ ಐಸ್ ಹಾಕಿ ಪ್ಲೇಆಫ್ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ದೀರಿ ಅಂದ್ಕೊಳ್ತೀನಿ. ಇವತ್ತು ನಾನು ಒಂದು ಸೆಮಿಫೈನಲ್ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ಆ ಪಂದ್ಯ ನಿಜವಾಗಿ ಎಲ್ಲೂ ನಡೆದಿಲ್ಲ. ಐಸ್ ಇರಲಿಲ್ಲ, ಆಟಗಾರರು ಇರಲಿಲ್ಲ, ಶಿಳ್ಳೆ ಹೊಡೆಯೋ ಜನನೂ ಇರಲಿಲ್ಲ. ಇದ್ದದ್ದು ಒಂದು ಲ್ಯಾಪ್‌ಟಾಪ್, ಅದರ ಮುಂದೆ ನಾನು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳ್ತೀನಿ.

ನಾನು 2019ರಲ್ಲಿ ಓದೋಕೆ ಅಂತ ಕೆನಡಾದ ವಾಟರ್‌ಲೂಗೆ ಹೋದೆ. ಟೊರಾಂಟೊದಿಂದ ಒಂದೂವರೆ ಗಂಟೆ ದಾರಿ. ಹೋಗುವಾಗ ನನಗೆ ಹಾಕಿ ಅಂದ್ರೆ ಕೊಡಗು, ಹಾಕಿ ಅಂದ್ರೆ ಹುಲ್ಲಿನ ಮೈದಾನ. ಅಲ್ಲಿ ಯಾರಾದ್ರೂ ಹಾಕಿ ಅಂದ್ರೆ ಅದು ಐಸ್ ಮೇಲಿನ ಆಟನೇ. "ಐಸ್ ಹಾಕಿ" ಅಂತ ಬಿಡಿಸಿ ಹೇಳಿದ್ರೆ ಇವನು ಹೊಸಬ ಅಂತ ಗೊತ್ತಾಗಿಬಿಡುತ್ತೆ. ನಿಧಾನಕ್ಕೆ ಆಟ ಹಿಡಿಸಿತು. ಆಮೇಲೆ 2020ರ ಮಾರ್ಚ್ 12ಕ್ಕೆ ಕೋವಿಡ್ ಕಾರಣಕ್ಕೆ ಎನ್‌ಎಚ್‌ಎಲ್, ಅಂದ್ರೆ ಅಲ್ಲಿನ ದೊಡ್ಡ ವೃತ್ತಿಪರ ಲೀಗು, ಸೀಸನ್ ನಿಲ್ಲಿಸಿಬಿಡ್ತು. ಕಾಲೇಜೂ ಮುಚ್ಚಿತು. ಬೇಸ್‌ಮೆಂಟ್ ರೂಮಲ್ಲಿ ನಾನೊಬ್ಬನೇ.

ಆಗ ಕ್ಲಾಸ್‌ಮೇಟ್ ಒಬ್ಬ ಹೇಳಿದ, "ನಮ್ಮದೊಂದು ಸಿಮ್ ಲೀಗ್ ಇದೆ, ಒಂದು ತಂಡ ಖಾಲಿ ಇದೆ, ಬರ್ತೀಯಾ?" ಅಂತ.

ಸಿಮ್ ಲೀಗ್ ಅಂದ್ರೆ ಏನು?

ನೀವು ಫ್ಯಾಂಟಸಿ ಕ್ರಿಕೆಟ್ ಆಡಿರಬಹುದು. ಅಲ್ಲಿ ನಿಜವಾದ ಪಂದ್ಯದಲ್ಲಿ ಆಟಗಾರ ರನ್ ಹೊಡೆದ್ರೆ ನಿಮಗೆ ಪಾಯಿಂಟ್. ಸಿಮ್ ಲೀಗ್ ಹಾಗಲ್ಲ. ಇಲ್ಲಿ ಪಂದ್ಯವನ್ನೇ ಕಂಪ್ಯೂಟರ್ ಆಡುತ್ತೆ. ಪ್ರತಿ ಆಟಗಾರನಿಗೂ ಅಂಕಗಳಿರ್ತವೆ: ಸ್ಕೇಟಿಂಗ್ ಎಷ್ಟು, ಪಾಸ್ ಎಷ್ಟು, ಗೋಲು ಹೊಡೆಯೋ ಕೈ ಎಷ್ಟು, ಡಿಫೆನ್ಸ್ ಎಷ್ಟು, ಶಿಸ್ತು ಎಷ್ಟು, ದಮ್ಮು ಎಷ್ಟು ಅಂತ. ನಾವು ಒಬ್ಬೊಬ್ಬರು ಒಂದೊಂದು ತಂಡದ ಜನರಲ್ ಮ್ಯಾನೇಜರ್. ಆಟಗಾರರನ್ನ ಕೊಳ್ಳೋದು, ಬದಲಾಯಿಸಿಕೊಳ್ಳೋದು, ಸಂಬಳದ ಮಿತಿ ಮೀರದ ಹಾಗೆ ಲೆಕ್ಕ ಇಡೋದು, ಡ್ರಾಫ್ಟಲ್ಲಿ ಹುಡುಗರನ್ನ ಆರಿಸೋದು ಎಲ್ಲ ನಮ್ಮದೇ.

ಪಂದ್ಯಕ್ಕೆ ಮುಂಚೆ ನಾವು ಒಂದು "ಲೈನ್ಸ್" ಫೈಲ್ ಕಳಿಸಬೇಕು. ಹಾಕಿಯಲ್ಲಿ ಮೂರು ಫಾರ್ವರ್ಡ್‌ಗಳು ಒಟ್ಟಿಗೆ ಐಸ್‌ಗೆ ಇಳೀತಾರೆ, ಮುಕ್ಕಾಲು ನಿಮಿಷ ಓಡಿ ಸುಸ್ತಾಗಿ ವಾಪಸ್ ಬರ್ತಾರೆ, ಮುಂದಿನ ಮೂವರು ಇಳೀತಾರೆ. ಆ ಮೂವರ ಗುಂಪನ್ನ ಲೈನ್ ಅಂತಾರೆ. ಯಾರ ಜೊತೆ ಯಾರು, ಎದುರಾಳಿ ಪೆನಾಲ್ಟಿಯಲ್ಲಿ ಕೂತಾಗ ಪವರ್ ಪ್ಲೇಗೆ ಯಾರು, ಗೋಲಿ ಯಾರು, ಇದೆಲ್ಲ ಆ ಫೈಲಲ್ಲಿ ಇರುತ್ತೆ. ಲೀಗ್ ನಡೆಸೋ ಕಮಿಷನರ್ ಎಲ್ಲರ ಫೈಲನ್ನೂ ಸಾಫ್ಟ್‌ವೇರಿಗೆ ಹಾಕಿ ಗುಂಡಿ ಒತ್ತುತ್ತಾರೆ. ಕೆಲವೇ ಕ್ಷಣದಲ್ಲಿ 60 ನಿಮಿಷದ ಪಂದ್ಯ ಮುಗಿದು, ಅದರ ವರದಿ ಬರುತ್ತೆ. ಯಾವ ನಿಮಿಷಕ್ಕೆ ಯಾರು ಶಾಟ್ ಹೊಡೆದ, ಯಾರು ತಡೆದ, ಯಾರಿಗೆ ಗಾಯ ಅಂತ ಸಾಲು ಸಾಲಾಗಿ ಬರೆದಿರುತ್ತೆ. ನಾವು ಅದನ್ನ ಕಾಮೆಂಟರಿ ಥರ ಓದ್ತೀವಿ. ಕೊನೆ ಸಾಲು ಮೊದಲೇ ಕಣ್ಣಿಗೆ ಬೀಳಬಾರದು ಅಂತ ನಾನು ಪರದೆಯ ಕೆಳಭಾಗಕ್ಕೆ ಕೈ ಅಡ್ಡ ಇಟ್ಕೊಂಡು ಓದ್ತಿದ್ದೆ, ನಗಬೇಡಿ.

ನನಗೆ ಸಿಕ್ಕ ತಂಡ ಬಫಲೊ. ನಯಾಗರಾ ಜಲಪಾತದ ಪಕ್ಕದ ಊರು, ಗಡಿಯ ಆಚೆ ಅಮೆರಿಕದಲ್ಲಿದೆ. ನಿಜವಾದ ಬಫಲೊ ಸೇಬರ್ಸ್ 1975ರಲ್ಲಿ, 1999ರಲ್ಲಿ ಎರಡು ಸಲ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಹೋಗಿ ಎರಡು ಸಲವೂ ಸೋತ ತಂಡ. 1999ರದ್ದು ಆ ಊರಿನವರು ಇನ್ನೂ ಮರೆತಿಲ್ಲ. ಆರನೇ ಪಂದ್ಯ, ಡಲ್ಲಾಸ್ ವಿರುದ್ಧ, ಮೂರನೇ ಓವರ್‌ಟೈಮ್. ಬ್ರೆಟ್ ಹಲ್ ಗೋಲು ಹೊಡೆದಾಗ ಅವನ ಒಂದು ಕಾಲು ಗೋಲಿಯ ಮುಂದಿನ ನೀಲಿ ಜಾಗದ ಒಳಗಿತ್ತು. ಆಗಿನ ನಿಯಮದ ಪ್ರಕಾರ ಅದು ಗೋಲು ಹೌದಾ ಅಲ್ವಾ ಅಂತ ಇವತ್ತಿಗೂ ಜಗಳ. ಗೋಲು ಅಂತ ಕೊಟ್ಟರು, ಕಪ್ ಡಲ್ಲಾಸ್‌ಗೆ ಹೋಯ್ತು. ಮುಂದಿನ ಸೀಸನ್‌ಗೆ ಆ ನಿಯಮವನ್ನೇ ತೆಗೆದುಹಾಕಿದ್ರು. ಆದ್ರೆ ಪಂದ್ಯವನ್ನ ಮತ್ತೆ ಆಡಿಸಲಿಲ್ಲ. ಐಸ್ ಮೇಲೆ ಆಗಿಹೋದದ್ದನ್ನ ಮತ್ತೆ ಆಡಿಸೋಕೆ ಆಗಲ್ಲ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಪ್ಲೇಆಫ್ ಯಾಕೆ ಅಷ್ಟು ಕಷ್ಟ?

ನಮ್ಮ ಲೀಗ್ ಎನ್‌ಎಚ್‌ಎಲ್ ಪದ್ಧತಿಯನ್ನೇ ಅನುಸರಿಸ್ತಿತ್ತು. 82 ಪಂದ್ಯದ ಸೀಸನ್. ಅದರಲ್ಲಿ 16 ತಂಡ ಪ್ಲೇಆಫ್‌ಗೆ, ಪೂರ್ವದಿಂದ 8, ಪಶ್ಚಿಮದಿಂದ 8. ನಾಲ್ಕು ಸುತ್ತು. ಪ್ರತಿ ಸುತ್ತಲ್ಲೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಅಂದ್ರೆ ಕಪ್ ಎತ್ತಬೇಕಾದ್ರೆ 16 ಗೆಲುವು ಬೇಕು. ಸೀಸನ್‌ನಲ್ಲಿ ಸಮ ಆದ್ರೆ ಚಿಕ್ಕ ಓವರ್‌ಟೈಮ್, ಆಮೇಲೆ ಶೂಟೌಟ್. ಪ್ಲೇಆಫಲ್ಲಿ ಶೂಟೌಟ್ ಇಲ್ಲ. ಗೋಲು ಬೀಳೋ ತನಕ 20 ನಿಮಿಷಕ್ಕೊಂದು ಅವಧಿ ಆಡ್ತಾನೇ ಇರಬೇಕು.

"ಏಳು ಪಂದ್ಯ ಇದ್ರೆ ಒಳ್ಳೆ ತಂಡನೇ ಗೆಲ್ಲುತ್ತೆ ಬಿಡು" ಅಂತ ನಾನೂ ಅಂದ್ಕೊಂಡಿದ್ದೆ. ಒಂದು ಲೆಕ್ಕ ಮಾಡೋಣ. ನಿಮ್ಮ ತಂಡ ಎದುರಾಳಿಗಿಂತ ಸ್ವಲ್ಪ ಮೇಲು, 100 ಪಂದ್ಯ ಆಡಿದ್ರೆ 55 ಗೆಲ್ಲುತ್ತೆ ಅಂತ ಇಟ್ಕೊಳ್ಳಿ. ಏಳು ಪಂದ್ಯಗಳ ಸರಣಿಯಲ್ಲಿ ನೀವು ಗೆಲ್ಲೋ ಸಾಧ್ಯತೆ ಎಷ್ಟು? ಸುಮಾರು 61 ಶೇಕಡಾ, ಅಷ್ಟೇ. ನಾಲ್ಕೂ ಸುತ್ತು ಹಾಗೇ ಗೆದ್ದು ಕಪ್ ಎತ್ತೋ ಸಾಧ್ಯತೆ ಸುಮಾರು 14 ಶೇಕಡಾ. 55ರ ಬದಲು 60 ಅಂತ ಇಟ್ಕೊಂಡ್ರೂ ಒಂದು ಸರಣಿಗೆ 71, ಕಪ್‌ಗೆ ಸುಮಾರು 25. ಅಂದ್ರೆ ಎಲ್ಲರಿಗಿಂತ ಮೇಲಿರೋ ತಂಡ ಕೂಡ ನಾಲ್ಕು ವರ್ಷದಲ್ಲಿ ಮೂರು ವರ್ಷ ಸೋತು ಮನೆಗೆ ಹೋಗುತ್ತೆ.

ನಿಜವಾದ ಲೀಗಲ್ಲೂ ಹೀಗೇ ಆಗಿದೆ. 2019ರಲ್ಲಿ ಟ್ಯಾಂಪಾ ಬೇ 62 ಪಂದ್ಯ ಗೆದ್ದು 128 ಪಾಯಿಂಟ್ ತಗೊಂಡು ಬಂತು. ಮೊದಲ ಸುತ್ತಿನ ಮೊದಲ ಪಂದ್ಯದಲ್ಲಿ ಕೊಲಂಬಸ್ ಮೇಲೆ 3-0 ಮುಂದಿತ್ತು. 4-3ಕ್ಕೆ ಸೋತಿತು. ಆಮೇಲೆ ಸರಣಿಯನ್ನೇ 4-0ಗೆ ಸೋತಿತು. ಮುಂದಿನ ವರ್ಷ, 2020ರ ಆಗಸ್ಟ್ 11, ಕೋವಿಡ್ ಕಾಲ, ಟೊರಾಂಟೊದ ಖಾಲಿ ಸ್ಟೇಡಿಯಂ, ಮತ್ತೆ ಅದೇ ಎರಡು ತಂಡ. ಆ ಪಂದ್ಯ ಐದನೇ ಓವರ್‌ಟೈಮ್‌ವರೆಗೆ ಹೋಯ್ತು. ಕೊಲಂಬಸ್ ಗೋಲಿ ಯೋನಸ್ ಕೊರ್ಪಿಸಾಲೊ 85 ಶಾಟ್ ತಡೆದ. ಹೌದು, 85. ಆದ್ರೂ ಬ್ರೇಡನ್ ಪಾಯಿಂಟ್ ಗೋಲು ಹೊಡೆದು ಟ್ಯಾಂಪಾ 3-2ಕ್ಕೆ ಗೆದ್ದಿತು. ಆ ವರ್ಷ ಕಪ್ಪೂ ಅವರದ್ದೇ ಆಯ್ತು. 2023ರಲ್ಲಿ ಬಾಸ್ಟನ್ 65 ಗೆಲುವು, 135 ಪಾಯಿಂಟ್, ಎರಡೂ ದಾಖಲೆ. ಮೊದಲ ಸುತ್ತಲ್ಲಿ ಫ್ಲಾರಿಡಾ ಮೇಲೆ 3-1 ಮುಂದಿದ್ದು, ಏಳನೇ ಪಂದ್ಯದ ಓವರ್‌ಟೈಮಲ್ಲಿ ಸೋತು ಹೊರಗೆ.

ಕಾರಣ ಏನಪ್ಪಾ ಅಂದ್ರೆ, ಹಾಕಿಯಲ್ಲಿ ಗೋಲು ಕಮ್ಮಿ. ಬ್ಯಾಸ್ಕೆಟ್‌ಬಾಲಲ್ಲಿ ನೂರು ಪಾಯಿಂಟ್ ಬೀಳುತ್ತೆ, ಅದೃಷ್ಟ ಸಮ ಆಗಿಬಿಡುತ್ತೆ. ಇಲ್ಲಿ 30 ಶಾಟ್ ಹೊಡೆದ್ರೆ ಮೂರು ಒಳಗೆ ಹೋದ್ರೆ ಹೆಚ್ಚು. ಒಂದು ಚೆಂಡು, ಕ್ಷಮಿಸಿ, ಚೆಂಡಲ್ಲ ಪಕ್, ಯಾರದೋ ಕಾಲಿಗೆ ತಾಗಿ ದಿಕ್ಕು ಬದಲಾದ್ರೆ ಸೀಸನ್ನೇ ಮುಗೀತು. ಒಳ್ಳೆಯ ಸಿಮ್ ಸಾಫ್ಟ್‌ವೇರ್ ಈ ಅದೃಷ್ಟವನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಪ್ರತಿ ಶಾಟ್‌ಗೂ ಒಳಗೊಳಗೇ ಒಂದು ದಾಳ ಉರುಳಿಸುತ್ತೆ. ಆಟಗಾರ ಒಳ್ಳೆಯವನಾದ್ರೆ ದಾಳ ಅವನ ಕಡೆ ಸ್ವಲ್ಪ ವಾಲಿರುತ್ತೆ. ಅಷ್ಟೇ, ಪೂರ್ತಿ ಅಲ್ಲ.

ಏಳನೇ ಪಂದ್ಯ

ಈಗ ನನ್ನ ಕಥೆಗೆ ಬರ್ತೀನಿ. 2021ರ ಮೇ ತಿಂಗಳು. ಒಂಟಾರಿಯೊದಲ್ಲಿ ಮನೆಯಿಂದ ಹೊರಗೆ ಬರಬೇಡಿ ಅನ್ನೋ ಆದೇಶ ಇತ್ತು. ನನಗೆ ದಿನದಲ್ಲಿ ಮನುಷ್ಯರ ಜೊತೆ ಮಾತು ಅಂತ ಇದ್ದದ್ದು ಎರಡೇ: ಅಮ್ಮನ ಫೋನು, ಲೀಗಿನ ಗುಂಪು. ರಾತ್ರಿ 9 ಗಂಟೆಗೆ ಸಿಮ್. ಊರಲ್ಲಿ ಆಗ ಬೆಳಿಗ್ಗೆ ಆರೂವರೆ, ಅಮ್ಮ ಕಾಫಿ ಲೋಟ ಹಿಡ್ಕೊಂಡು ವಿಡಿಯೋ ಕಾಲ್ ಮಾಡೋ ಹೊತ್ತು.

ನನ್ನ ಬಫಲೊ ಆ ವರ್ಷ ಪೂರ್ವದಲ್ಲಿ ಏಳನೇ ಜಾಗದಿಂದ ಒಳಗೆ ಬಂದಿತ್ತು. ಎರಡು ಸುತ್ತು ಗೆದ್ದು ಸೆಮಿಫೈನಲ್. ಎದುರಾಳಿ ಪಿಟ್ಸ್‌ಬರ್ಗ್. ಆ ತಂಡ ನಡೆಸ್ತಿದ್ದವರು ಹ್ಯಾಲಿಫ್ಯಾಕ್ಸ್ ಕಡೆಯ ಒಬ್ಬ ನರ್ಸ್. ಲೀಗಲ್ಲಿ 11 ವರ್ಷದಿಂದ ಇದ್ದವರು, ಒಂದು ಸಲವೂ ಫೈನಲ್‌ಗೆ ಹೋಗಿರಲಿಲ್ಲ. ಸರಣಿ 3-3. ಏಳನೇ ಪಂದ್ಯದ ದಿನ ಕಮಿಷನರ್ ಸಿಗ್ನಲ್ ಇಲ್ಲದ ಯಾವುದೋ ಕೆರೆ ದಂಡೆಯ ಮನೆಗೆ ಹೋಗಿದ್ರು. ಹೋಗೋ ಮುಂಚೆ ಲೀಗ್ ಫೈಲ್ ನನಗೆ ಕೊಟ್ಟು, "ನೀನೇ ಓಡಿಸಿಬಿಡು, ನಂಬಿಕೆ ಇದೆ" ಅಂದಿದ್ರು.

9 ಗಂಟೆ 5 ನಿಮಿಷಕ್ಕೆ ಗುಂಡಿ ಒತ್ತಿದೆ. 5-1. ನಾನು ಗೆದ್ದೆ! ಬಫಲೊ ಫೈನಲ್‌ಗೆ! ಬೇಸ್‌ಮೆಂಟಲ್ಲಿ ಒಬ್ಬನೇ ಕುಣಿದೆ. ಮೇಲಿನ ಮನೆಯವರು ನೆಲ ಬಡಿದ್ರು. ಫಲಿತಾಂಶ ಗುಂಪಿಗೆ ಹಾಕಿದೆ, ಎಲ್ಲರೂ ಅಭಿನಂದನೆ ಹೇಳಿದ್ರು. ಪಿಟ್ಸ್‌ಬರ್ಗ್ ಕಡೆಯಿಂದ ಮಾತಿಲ್ಲ. ಅವರಿಗೆ ರಾತ್ರಿ ಪಾಳಿ ಇತ್ತು.

11 ಗಂಟೆಗೆ ಮೇಲ್ ನೋಡ್ತಿದ್ದೆ. ಸ್ಪ್ಯಾಮ್ ಫೋಲ್ಡರಲ್ಲಿ ಅವರ ಲೈನ್ಸ್ ಫೈಲ್ ಕೂತಿತ್ತು. ಬಂದದ್ದು 8 ಗಂಟೆ 40 ನಿಮಿಷಕ್ಕೆ. ಗಡುವಿಗೆ 20 ನಿಮಿಷ ಮುಂಚೆ. ನಾನು ಹಾಕಿರಲಿಲ್ಲ.

ಹಾಕದಿದ್ರೆ ಏನಾಗುತ್ತೆ? ಸಾಫ್ಟ್‌ವೇರ್ ಹಳೇ ಫೈಲನ್ನೇ ತಗೊಳ್ಳುತ್ತೆ. ಆರನೇ ಪಂದ್ಯದಲ್ಲಿ ಅವರ ಮುಖ್ಯ ಸೆಂಟರ್‌ಗೆ ಗಾಯ ಆಗಿತ್ತು. ಹೊಸ ಫೈಲಲ್ಲಿ ಅವರು ಕೆಳಗಿನ ತಂಡದಿಂದ ಒಬ್ಬನನ್ನ ಕರೆಸಿ, ಮೂರೂ ಲೈನ್ ಬದಲಾಯಿಸಿ, ಪವರ್ ಪ್ಲೇ ಹೊಸದಾಗಿ ಜೋಡಿಸಿದ್ರು. ಅದು ಒಳಗೆ ಹೋಗದೆ, ಸಾಫ್ಟ್‌ವೇರ್ ತಾನಾಗೇ ಖಾಲಿ ಜಾಗಕ್ಕೆ ನಾಲ್ಕನೇ ಲೈನಿನ ಹುಡುಗನನ್ನ ತುಂಬಿಬಿಟ್ಟಿತ್ತು. ಅವನೇ ಪವರ್ ಪ್ಲೇಗೂ. 5-1 ಆಗದೆ ಇನ್ನೇನು?

ಆ ಮೇಲ್ ಬಂದದ್ದು ಯಾರಿಗೂ ಗೊತ್ತಿಲ್ಲ. ಅಳಿಸಿಬಿಟ್ರೆ? "ನಿಮ್ಮ ಫೈಲ್ ಬರಲೇ ಇಲ್ಲ" ಅಂದ್ರೆ ನಂಬ್ತಾರೆ. ಆಸ್ಪತ್ರೆಯ ನೆಟ್‌ವರ್ಕ್ ಸರಿ ಇರಲ್ಲ ಅಂತ ಅವರೇ ಎಷ್ಟೋ ಸಲ ಹೇಳಿದ್ದರು. ನಾನು ಸುಳ್ಳು ಹೇಳ್ತಿಲ್ಲ, ಈ ಯೋಚನೆ ನನಗೆ ಒಂದು ಸಲ ಅಲ್ಲ, ಹತ್ತು ಸಲ ಬಂತು. ದುಡ್ಡಿಲ್ಲದ ಆಟ, ಯಾರಿಗೆ ಏನು ನಷ್ಟ ಅಂತ ಮನಸ್ಸು ವಾದ ಮಾಡ್ತಿತ್ತು.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಲೀಗ್ ಫೈಲಿನ ಪ್ರತಿ ತೆಗೆದು, ಅವರ ಸರಿಯಾದ ಫೈಲ್ ಹಾಕಿ, ನನ್ನ ಲ್ಯಾಪ್‌ಟಾಪಲ್ಲಿ ಸುಮ್ನೆ ಓಡಿಸಿ ನೋಡಿದೆ. ಒಂದು ಸಲ ಗೆದ್ದೆ. ಇನ್ನೊಂದು ಸಲ ಸೋತೆ. 20 ಸಲ ಓಡಿಸಿದೆ. 11 ಸಲ ನಾನು, 9 ಸಲ ಅವರು. 20 ಸಲ ಓಡಿಸಿದ ಮಾತ್ರಕ್ಕೆ ಯಾರು ಮೇಲು ಅಂತ ಖಚಿತವಾಗಿ ಹೇಳೋಕೆ ಆಗಲ್ಲ, ನಾಣ್ಯ ಚಿಮ್ಮಿದ್ರೂ 11-9 ಬರುತ್ತೆ. ಆದ್ರೆ ನನಗೆ ಅಪಾಯ ಗೊತ್ತಾದದ್ದು ಅಲ್ಲೇ. ಈಗ ನನ್ನ ಹತ್ರ ಸರಿಯಾದ ಫೈಲಿಂದಲೇ ಬಂದ 11 ಗೆಲುವು ಇದ್ದವು. "ತಪ್ಪಾಯ್ತು, ಮತ್ತೆ ಓಡಿಸಿದೆ, ನೋಡಿ ಆದ್ರೂ ನಾನೇ ಗೆದ್ದೆ" ಅಂತ ಅದರಲ್ಲೊಂದನ್ನ ಹಾಕಿಬಿಡಬಹುದಿತ್ತು. ಪ್ರಾಮಾಣಿಕ ಅಂತ ಹೆಸರೂ ಬರುತ್ತೆ, ಫೈನಲ್ಲೂ ಸಿಗುತ್ತೆ. ಮೇಲ್ ಅಳಿಸೋದಕ್ಕಿಂತ ಇದು ಇನ್ನೂ ಕೆಟ್ಟದ್ದು ಅನ್ನಿಸ್ತು.

ಐಸ್ ಮೇಲೆ ಈ ಕಷ್ಟ ಇಲ್ಲ. ಬ್ರೆಟ್ ಹಲ್‌ನ ಗೋಲನ್ನ ಯಾರೂ 20 ಸಲ ಓಡಿಸಿ ನೋಡೋಕೆ ಆಗಲಿಲ್ಲ. ನಮ್ಮಲ್ಲಿ ಗುಂಡಿ ಇದೆ. ಎಷ್ಟು ಸಲ ಬೇಕಾದ್ರೂ ಒತ್ತಬಹುದು. ಅದಕ್ಕೇ ಒಂದೇ ಸಲ ಒತ್ತೋದು ಅನ್ನೋ ನಂಬಿಕೆ ಹೋದ್ರೆ ಲೀಗಲ್ಲಿ ಏನೂ ಉಳಿಯಲ್ಲ. ನಾನು ಕುಣಿದದ್ದು ಯಾಕೆ? ಆ 5-1 ನಾನು ಆರಿಸಿಕೊಂಡದ್ದಲ್ಲ, ಅದಾಗಿ ಬಂದದ್ದು ಅಂತ ತಾನೇ?

ಬೆಳಗಿನ ಜಾವ ಅಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅಂದ್ರು, "ಏನೋ ಅದು, ಆಡೋನೂ ನೀನಲ್ಲ, ನೋಡೋಕೂ ಏನಿಲ್ಲ, ಅದಕ್ಕೆ ನಿದ್ದೆಗೆಟ್ಟಿದ್ದೀಯಾ?" ನಾನು ಸುಮ್ನಿದ್ದೆ. ಆಮೇಲೆ ಅವರೇ ಕೇಳಿದ್ರು, "ಆಯಮ್ಮ ಡ್ಯೂಟಿ ಮುಗಿಸಿ ಎಷ್ಟೊತ್ತಿಗೆ ಮನೆಗೆ ಬರ್ತಾರೆ?" ಅಷ್ಟೇ ಕೇಳಿದ್ದು. ಉತ್ತರ ಅದರಲ್ಲೇ ಇತ್ತು.

ಎಂಟೂವರೆಗೆ ಅವರಿಗೆ ಕರೆ ಮಾಡಿದೆ. ಸ್ಪ್ಯಾಮ್ ವಿಷಯ ಹೇಳಿದೆ. 20 ಸಲ ಓಡಿಸಿ ನೋಡಿದ್ದನ್ನೂ ಹೇಳಿದೆ, ಅದು ಹೇಳೋಕೆ ಜಾಸ್ತಿ ನಾಚಿಕೆ ಆಯ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸುಸ್ತಾದ ದನಿಯಲ್ಲಿ, "ಪಾಳಿಯ ಮಧ್ಯೆ ಫಲಿತಾಂಶ ನೋಡಿದೆ. ಎಂಟು ನಿಮಿಷದ ಊಟದ ಬಿಡುವಲ್ಲಿ ಆ ಫೈಲ್ ಮಾಡಿದ್ದೆ. ಬಹುಶಃ ನಾನೇ ಏನೋ ತಪ್ಪು ಮಾಡಿರಬೇಕು ಅಂದ್ಕೊಂಡಿದ್ದೆ" ಅಂದ್ರು. ನನಗೆ ಗಂಟಲು ಕಟ್ಟಿತು. ಯಾರಿಗೂ ನಷ್ಟ ಇಲ್ಲ ಅಂದ್ಕೊಂಡಿದ್ದೆ ನೋಡಿ.

ನಮ್ಮ ನಿಯಮ ಸ್ಪಷ್ಟ ಇತ್ತು. ಗಡುವಿನೊಳಗೆ ಬಂದ ಫೈಲು ಲೀಗಿನ ತಪ್ಪಿಂದ ಹೋಗದಿದ್ರೆ ಮತ್ತೆ ಓಡಿಸಬೇಕು. ನಾನು ಸ್ಕ್ರೀನ್ ಶೇರ್ ಮಾಡಿದೆ. ಗುಂಪಿನ ಐದಾರು ಜನ ಎದ್ದು ಬಂದ್ರು. ಫೈಲ್ ಹಾಕಿದ್ದನ್ನ ಅವರು ಕಣ್ಣಾರೆ ನೋಡಿದ್ರು. "ಒಂದೇ ಸಲ. ಏನು ಬಂದ್ರೂ ಸರಿ" ಅಂದ್ರು. ಒತ್ತಿದೆ.

ಯಾರೂ ಕೊನೆ ಸಾಲು ನೋಡಲಿಲ್ಲ. ನಾನು ಒಂದೊಂದೇ ಸಾಲು ಗಟ್ಟಿಯಾಗಿ ಓದ್ತಾ ಹೋದೆ. ಮೊದಲ ಅವಧಿ 1-0 ನಾನು ಮುಂದೆ. ಎರಡನೆಯದು 2-1. ಮೂರನೇ ಅವಧಿಯ 17ನೇ ನಿಮಿಷ, ಅವರ ಪವರ್ ಪ್ಲೇ, ಕೆಳಗಿನ ತಂಡದಿಂದ ಕರೆಸಿದ ಆ ಹುಡುಗ ಗೋಲು ಹೊಡೆದ. 2-2. ಓವರ್‌ಟೈಮ್. ನನ್ನ ಗೋಲಿ ಒಂದರ ಹಿಂದೊಂದು ಆರು ಶಾಟ್ ತಡೆದ. ಏಳನೆಯದು ಒಳಗೆ ಹೋಯ್ತು. ನಾನೇ ಓದಿದೆ ಆ ಸಾಲನ್ನ. ಆ ಕಡೆಯಿಂದ ಒಂದು ಕಿರುಚು ಕೇಳಿಸ್ತು, ಆಮೇಲೆ, "ಅಯ್ಯೋ, ಪಕ್ಕದ ರೂಮಲ್ಲಿ ಮಕ್ಕಳು ಮಲಗಿದ್ದಾರೆ" ಅಂತ ಪಿಸುಮಾತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದ್ರೆ ಕ್ಯಾಮೆರಾ ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಫೈನಲಲ್ಲಿ ಅವರು ಐದು ಪಂದ್ಯದಲ್ಲೇ ಸೋತರು. ಕಥೆ ಅಂದ ಮೇಲೆ ಅವರು ಕಪ್ ಗೆಲ್ಲಬೇಕಿತ್ತು ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸ್ತು. ಆದ್ರೆ ದಾಳಕ್ಕೆ ಕಥೆ ಗೊತ್ತಿರಲ್ಲ.

ಕಮಿಷನರ್ ವಾಪಸ್ ಬಂದು ಎರಡು ನಿಯಮ ಮಾಡಿದ್ರು. ಒಂದು, ಪ್ಲೇಆಫಲ್ಲಿ ತನ್ನ ತಂಡ ಆಡೋ ಪಂದ್ಯವನ್ನ ಯಾರೂ ತಾವೇ ಓಡಿಸಬಾರದು. ಎರಡು, ಫೈಲ್ ಬಂದ ಕೂಡಲೇ "ಬಂತು" ಅಂತ ಎಲ್ಲರಿಗೂ ಕಾಣೋ ಹಾಗೆ ಗುಂಪಲ್ಲಿ ಹಾಕಬೇಕು. ಸಣ್ಣ ವಿಷಯ. ಆದ್ರೆ ಮುಂದಿನ ವರ್ಷ ನಾನು ರಾತ್ರಿ ನಿಶ್ಚಿಂತೆಯಾಗಿ ಸೋತೆ, ಎರಡನೇ ಸುತ್ತಲ್ಲಿ.

ನಿಮ್ಮಲ್ಲಿ ಯಾರಾದ್ರೂ ಫ್ರೆಂಡ್ಸ್ ಜೊತೆ ಇಂಥ ಲೀಗ್ ಶುರು ಮಾಡಬೇಕು ಅಂತಿದ್ರೆ, ಹಾಕಿನೇ ಆಗಬೇಕಿಲ್ಲ, ಕ್ರಿಕೆಟ್ಟೋ ಕಬಡ್ಡಿಯೋ ಆಗಲಿ, ಸಾಫ್ಟ್‌ವೇರ್ ಯಾವುದು ಅಂತ ಆಮೇಲೆ ನೋಡಿ. ಗುಂಡಿ ಯಾರು ಒತ್ತುತ್ತಾರೆ, ಒತ್ತುವಾಗ ಯಾರು ನೋಡ್ತಿರ್ತಾರೆ ಅಂತ ಮೊದಲು ತೀರ್ಮಾನ ಮಾಡಿ.

ಅಮ್ಮ ಈಗಲೂ ಫೋನಲ್ಲಿ ಕೇಳ್ತಾರೆ, "ಆ ನರ್ಸಮ್ಮ ಈ ಸಲ ಗೆದ್ರಾ?" ಅಂತ. ನನ್ನ ತಂಡ ಏನಾಯ್ತು ಅಂತ ಮಾತ್ರ ಕೇಳಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.